ಜ್ವರ ನನಗೆ, ಹುಲಿವೇಷ ಅಣ್ಣನಿಗೆ

ಶನಿವಾರ ಸಂಜೆ ನಿಮ್ಮ ಮನೆಯಲ್ಲಿ ಎಂತ ಗರ್ಜನೆ ಅಂತ ಮೂರು ಜನ ಕೇಳಿ ಆಯ್ತು. ಒಬ್ಬೊಬ್ಬರಿಗೆ ಹೇಳುದಕ್ಕಿಂತ ಇಲ್ಲಿಯೇ ಬರೀತೇನೆ. ಅದು ಟಿ.ವಿ. ಅಲ್ಲ, ನನ್ನ ತಂಗಿಯ ಮಗಳು. ಮಣಿಪಾಲದಲ್ಲಿ ಓದುವವಳು, ನಮ್ಮ ಬನ್ನಂಜೆ ಮನೆಯಲ್ಲೇ ಇರುದು. ಅವಳ ಜೊತೆಯ ನಾಲ್ಕೈದು ಮಕ್ಕಳು ಬಂದು ಊಟದ ಮೇಜಿನ ಸುತ್ತ ಕೂತು ಒಂದು ಆಟ ಆಡ್ತಾರೆ. ಹೆಸರು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಅದರಲ್ಲಿ ಅವಳದ್ದು ಡ್ರೂಯಿಡ್ ಪಾತ್ರ. ಅಂದ್ರೆ ಕಾಡಿನ ಕಡೆಯವಳು, ಬೇಕಾದಾಗ ಪ್ರಾಣಿಯ ರೂಪ ತಾಳುವವಳು.

ಆಟ ಎಂಥದ್ದು ಅಂತ ನಮ್ಮ ಊರಿನವರಿಗೆ ಹೇಳುದು ಸುಲಭ. ತಾಳಮದ್ದಳೆ ನೋಡಿದ್ದೀರಲ್ಲ? ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲಿಂದಲೇ ಒಬ್ಬರು ಕರ್ಣ, ಒಬ್ಬರು ಕೃಷ್ಣ. ಬರೆದಿಟ್ಟ ಮಾತಿಲ್ಲ, ಆಗ ಹೊಳೆದದ್ದೇ ಅರ್ಥ. ಇದೂ ಹಾಗೆಯೇ. ಭಾಗವತರ ಜಾಗದಲ್ಲಿ ಕಥೆ ನಡೆಸುವವ ಒಬ್ಬ ಇರ್ತಾನೆ. ವ್ಯತ್ಯಾಸ ಎಂತ ಅಂದ್ರೆ, ತಾಳಮದ್ದಳೆಯಲ್ಲಿ ಕರ್ಣ ಸಾಯುದು ಮೊದಲೇ ಗೊತ್ತುಂಟು. ಇಲ್ಲಿ ಗೊತ್ತಿಲ್ಲ. 20 ಮುಖದ ದಾಳ ಉರುಳಿಸಿ ಬಿದ್ದ ಸಂಖ್ಯೆ ನೋಡಿ ಬದುಕಿದನೋ ಸತ್ತನೋ ಹೇಳುದು.

ಡ್ರೂಯಿಡ್ ಅಂದ್ರೆ ಆಟಕ್ಕೆ ಹುಟ್ಟಿಸಿದ ಶಬ್ದ ಅಲ್ಲ. 2000 ವರ್ಷಕ್ಕೂ ಹಿಂದೆ ಈಗಿನ ಫ್ರಾನ್ಸ್, ಇಂಗ್ಲೆಂಡ್ ಕಡೆ ಇದ್ದ ಕೆಲ್ಟ್ ಜನರ ಪುರೋಹಿತರು ಅವರು. ರೋಮಿನ ಜೂಲಿಯಸ್ ಸೀಸರ್ ಅವರ ವಿಷಯ ಬರೆದಿದ್ದಾನೆ. ಕೆಲವರು 20 ವರ್ಷ ಕಲೀತಿದ್ರಂತೆ, ಕಲಿತದ್ದನ್ನು ಬರೆದಿಡ್ತಿರಲಿಲ್ಲವಂತೆ, ಎಲ್ಲ ಬಾಯಿಪಾಠ. ನಮ್ಮ ವೇದಪಾಠದ ಹಾಗೆಯೇ. ಪ್ಲಿನಿ ಅಂತ ಇನ್ನೊಬ್ಬ ಬರೆದದ್ದು, ಓಕ್ ಮರದ ಮೇಲೆ ಬೆಳೆದ ಬಂದಳಿಕೆಯನ್ನು ಚಿನ್ನದ ಕತ್ತಿಯಲ್ಲಿ ಕೊಯ್ಯುತ್ತಿದ್ರು ಅಂತ. (ನಮ್ಮ ಮಾವಿನ ಮರದ ಬಂದಳಿಕೆಗೆ ಆ ಮರ್ಯಾದೆ ಇಲ್ಲ, ಪ್ರತಿ ವರ್ಷ ಜನ ಮಾಡಿ ತೆಗೆಸುದೇ ಕೆಲಸ.) ಅವರು ಪ್ರಾಣಿ ಆಗ್ತಿದ್ರು ಅಂತ ಈ ಇಬ್ಬರೂ ಬರೆದಿಲ್ಲ. ರೂಪ ಬದಲಾಗುವ ವಿಷಯ ಐರ್ಲೆಂಡಿನ ಹಳೆ ಕಥೆಗಳಲ್ಲಿ ಬರ್ತದೆ.

ಆಟ ಬಂದದ್ದು 1974ರಲ್ಲಿ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಂತ ಇಬ್ಬರಿಂದ. 1975ರ ಪುಸ್ತಕದಲ್ಲಿ ಡ್ರೂಯಿಡ್ ಎದುರಾಳಿ, ಹೊಡೆದು ಮುಗಿಸಬೇಕಾದವ. ಮರುವರ್ಷ 1976ರಲ್ಲಿ ಅದೇ ಡ್ರೂಯಿಡ್ ಆಡುವವರ ಕಡೆಗೆ ಬಂದ. ಆಮೇಲೆ 1978ರ ಪುಸ್ತಕದಲ್ಲಿ ಲೆಕ್ಕ ಬಿಗಿ: 7ನೇ ಹಂತಕ್ಕೆ ಬಂದ ಮೇಲೆಯೇ ರೂಪ ಬದಲಿಸಬಹುದು, ದಿನಕ್ಕೆ ಮೂರು ಸಲ, ಒಮ್ಮೆ ಹಾವು-ಹಲ್ಲಿ ಜಾತಿ, ಒಮ್ಮೆ ಹಕ್ಕಿ, ಒಮ್ಮೆ ಮೊಲೆಯುಣ್ಣುವ ಪ್ರಾಣಿ. 2014ರ ಪುಸ್ತಕದಲ್ಲಿ ಸಡಿಲ ಮಾಡಿದ್ರು. 2ನೇ ಹಂತದಿಂದಲೇ ಆಯ್ತು, ಎರಡು ಸಲ ರೂಪ ತಾಳಿದ ಮೇಲೆ ವಿಶ್ರಾಂತಿ ಬೇಕು. ಪ್ರಾಣಿ ಆಗಿರುವಾಗ ಮಂತ್ರ ಹಾಕ್ಲಿಕ್ಕಿಲ್ಲ, ಪ್ರಾಣಿಗೆ ಬಾರದ ಮಾತು ಆಡ್ಲಿಕ್ಕಿಲ್ಲ. ನಿಮಗೆ ಕೇಳಿದ ಗರ್ಜನೆ ಇದೇ ಮಾರಾಯ್ರೇ, ಹುಲಿ ಆದವಳು ಇನ್ನೆಂತ ಮಾಡುದು?

ಇನ್ನೊಂದು ನಿಯಮ ಉಂಟು, ನಾನು ಬರೀಲಿಕ್ಕೆ ಕೂತದ್ದೇ ಅದಕ್ಕೋಸ್ಕರ. ಡ್ರೂಯಿಡ್ ಆಗುದು ತಾನು ಮೊದಲು ಕಣ್ಣಾರೆ ಕಂಡ ಪ್ರಾಣಿ ಮಾತ್ರ. ಕಾಣದ್ದು ಆಗ್ಲಿಕ್ಕಿಲ್ಲ. ಕಥೆ ನಡೆಸುವ ಹುಡುಗ ಧಾರವಾಡದ ಕಡೆಯವ. ಅವ ಕೇಳಿದ, “ನೀ ಹುಲಿ ಎಲ್ಲಿ ನೋಡೀಯವಾ?” ಇವಳು ಪಿಲಿಕುಳದಲ್ಲಿ ಅಂದಳು. ಮಂಗಳೂರಿನ ಪ್ರಾಣಿಸಂಗ್ರಹಾಲಯಕ್ಕೆ ನಾವೆಲ್ಲ ಹೋಗಿದ್ದೆವು, ಹುಲಿ ನಮಗೆ ಬೆನ್ನು ಹಾಕಿ ಮಲಗಿತ್ತು. ಮತ್ತೆ ಅವಳೇ, “ಅದಕ್ಕಿಂತ ಮೊದಲು ರಥಬೀದಿಯಲ್ಲಿ” ಅಂದಳು. ಅದು ಮನುಷ್ಯ ಅಲ್ವಾ ಅಂತ ಉಳಿದವರ ಬೊಬ್ಬೆ. ನನ್ನನ್ನು ಕೇಳಿದ್ರು. ಹುಲಿ ಹೇಗಿರ್ತದೆ ಅಂತ ಪಿಲಿಕುಳದಲ್ಲಿ ನೋಡಬಹುದು, ಹುಲಿ ಆಗುದು ಹೇಗೆ ಅಂತ ನೋಡ್ಲಿಕ್ಕೆ ವಿಟ್ಲಪಿಂಡಿಗೇ ಹೋಗಬೇಕು ಅಂದೆ.

ನಮ್ಮಲ್ಲಿ ಹುಲಿ ಆಗುದು ದಾಳ ಉರುಳಿಸಿದ ಹಾಗೆ ಅಲ್ಲ. ಮೈಯ ರೋಮ ಎಲ್ಲ ತೆಗೆಯಬೇಕು. ಮೊದಲು ಹಳದಿ ಬಳಿದು, ಅದು ಒಣಗಿದ ಮೇಲೆ ಕಪ್ಪು ಪಟ್ಟೆ. ಗಂಟೆಗಟ್ಟಲೆ ಕೈ ಅಗಲಿಸಿ ನಿಂತೇ ಇರಬೇಕು. ಬಣ್ಣ ಹೋಗ್ತದೆ ಅಂತ ಸರಿಯಾಗಿ ಮಲಗ್ಲಿಕ್ಕೂ ಇಲ್ಲ. ಊದಿನ ಪೂಜೆ ಆಗಿ ತಾಸೆ-ಡೋಲು ಶುರು ಆದ ಮೇಲೆ ಬಿಸಿಲಿರಲಿ, ಸೋಣೆಯ ಮಳೆ ಬರಲಿ, ಮನೆಯಿಂದ ಮನೆಗೆ ಕುಣಿತ. ಹಲ್ಲಿನಲ್ಲಿ ಅಕ್ಕಿಮುಡಿ ಕಚ್ಚಿ ಹಿಂದೆ ಎಸೆಯುವವರೂ ಉಂಟು. ಕೊನೆಗೆ ಆಯಿಲ್ ಪೇಂಟ್ ಹೋಗ್ಲಿಕ್ಕೆ ಸೀಮೆಎಣ್ಣೆ. ಆ ಉರಿ ಅನುಭವಿಸಿದವರಿಗೇ ಗೊತ್ತು. ಪಿಲಿಚಾಮುಂಡಿ, ಪಂಜುರ್ಲಿ ಕೋಲವನ್ನು ನಾನು ಇದರೊಟ್ಟಿಗೆ ಸೇರಿಸುವುದಿಲ್ಲ. ಅದು ದೈವ, ಆಟ ಅಲ್ಲ. ಹುಲಿವೇಷ ಅರ್ಧ ಭಕ್ತಿ, ಅರ್ಧ ಗಮ್ಮತ್ತು. ಸುಮಾರು ಜನ ಹಾಕುದು ಹರಕೆಗೆ.

ಆ ಹರಕೆಯ ವಿಷಯವೇ ನನ್ನದು. ನನಗೆ 8 ವರ್ಷ ಆಗಿರುವಾಗ ವಿಷಮಶೀತ ಜ್ವರ ಬಂದು ಇಪ್ಪತ್ತು ದಿನ ಗಂಜಿತಿಳಿಯಲ್ಲಿ ಇದ್ದೆ. ಅಮ್ಮ ಹರಕೆ ಹೇಳಿದ್ರು, ಮಗು ಎದ್ದು ಕೂತರೆ ಅಷ್ಟಮಿಗೆ ಮರಿಹುಲಿ ವೇಷ ಹಾಕಿಸ್ತೇನೆ ಅಂತ. ನಾನು ಎದ್ದೆ. ವೇಷ ಹಾಕಿದ್ದು ಅಣ್ಣನಿಗೆ. ಜ್ವರ ನನಗೆ, ಹರಕೆ ನನ್ನದು, ಬಾಲ ಅವನದ್ದು. ಹೆಣ್ಣುಮಕ್ಕಳಿಗೆ ಬಣ್ಣ ಬಳಿಯುವ ವಿಷಯ ಯಾರ ತಲೆಗೂ ಬರಲಿಲ್ಲ, ಬೇಡ ಅಂತ ಸಹ ಯಾರೂ ಹೇಳಲಿಲ್ಲ. ನಾನು ಜಗಲಿಯಲ್ಲಿ ಕಂಬಳಿ ಹೊದ್ದು ಕೂತು ನೋಡಿದೆ. ಅಣ್ಣ ಎರಡು ಹೆಜ್ಜೆ ತಪ್ಪಿದ, ತಾಸೆಯವ ನಕ್ಕ. ಆ ಹೆಜ್ಜೆ ನನಗೆ ಬರ್ತಿತ್ತು. ಅಡಿಗೆಕೋಣೆಯ ಹಿಂದೆ ಒಬ್ಬಳೇ ಕುಣಿದು ಕಲಿತಿದ್ದೆ.

ನೋಡುದರಲ್ಲಿ ನಾವು ಹೆಂಗಸರು ಎಂತ ಕಡಿಮೆ ಇಲ್ಲ. ಪಟ್ಟೆಪಿಲಿ ಯಾವುದು, ಚಿಟ್ಟೆಪಿಲಿ ಯಾವುದು, ಯಾರ ಬಣ್ಣ ಚಂದ, ಯಾರ ಪಲ್ಟಿ ಚಂದ, ಕಿಟಕಿಯಿಂದಲೇ ಹೇಳ್ತೇವೆ. ಆ ಪುಸ್ತಕದ ನಿಯಮ ಇಲ್ಲಿ ನಡೆಯುವುದಾದ್ರೆ ಉಡುಪಿಯ ಅಜ್ಜಿಯಂದಿರೆಲ್ಲ ಯಾವತ್ತೋ ಹುಲಿ ಆಗಬೇಕಿತ್ತು.

ಅದು ಒಂಚೂರು ಬದಲಾದದ್ದು ನಮ್ಮ ಕಣ್ಣೆದುರೇ. ಹುಲಿವೇಷಕ್ಕೆ ಹೆಸರಾದ ಅಶೋಕ್ ರಾಜ್ ಕಾಡಬೆಟ್ಟು ಅವರ ಮಗಳು ಸುಷ್ಮಾ ರಾಜ್ ತಾನೇ ಬಣ್ಣ ಹಾಕಿ ಕುಣಿದಳು. ಪೇಪರಿನಲ್ಲಿ ಫೋಟೊ ನೋಡಿ ನಾನು ಎಷ್ಟೋ ಹೊತ್ತು ಚಾ ಕುಡಿಯಲಿಲ್ಲ. ಈಗ ಹೆಣ್ಣು ಹುಲಿಗಳು ಅಂದ್ರೆ ಅಷ್ಟು ಆಶ್ಚರ್ಯ ಇಲ್ಲ. ಆದರೂ ಹೇಳುವವರು ಹೇಳ್ತಾರೆ, ಮದುವೆ ಆಗಬೇಕಾದ ಹುಡುಗಿಗೆ ಇದೆಲ್ಲ ಬೇಕಾ ಅಂತ. ನಮ್ಮ ತಂಗಿಯೂ ಅದನ್ನೇ ಹೇಳಿದಳು, ಮಗಳು ಮುಂದಿನ ಅಷ್ಟಮಿಗೆ ವೇಷ ಹಾಕ್ಲಾ ಅಂತ ಕೇಳಿದಾಗ.

ಹೌದು, ಅವಳು ಕೇಳಿದ್ದಾಳೆ. ಮೇಜಿನ ಮೇಲಿನ ಹುಲಿ ಸಾಕಾಗಲಿಲ್ಲ. ಆಟದ ಹುಲಿಗೆ ಒಂದು ಅನುಕೂಲ ಉಂಟು ದೊಡ್ಡಮ್ಮ ಅಂತಾಳೆ. ಹುಲಿಯ ಪ್ರಾಣ ಮುಗಿದ್ರೆ ಡ್ರೂಯಿಡ್ ಸಾಯುದಿಲ್ಲ, ತನ್ನ ರೂಪಕ್ಕೆ ವಾಪಸ್ ಬರ್ತಾಳೆ, ಮಿಕ್ಕಿದ ಪೆಟ್ಟು ಮಾತ್ರ ತಿನ್ನಬೇಕು. ಬೀದಿಯಲ್ಲಿ ಹಾಗಿಲ್ಲ, ಪೆಟ್ಟೆಲ್ಲ ಸ್ವಂತ ಮೈಗೆ ಅಂತ ನಾನು ಹೇಳಿದೆ. ಬೇಡ ಅಂತ ಹೇಳಲಿಲ್ಲ. ಪರೀಕ್ಷೆ ಯಾವಾಗ, ಯಾವ ತಂಡ, ಬಣ್ಣ ಬಳಿಯುವವರಲ್ಲಿ ಹೆಂಗಸರು ಇದ್ದಾರಾ, ಇದೆಲ್ಲ ವಿಚಾರಿಸಿ ಬಾ ಅಂದೆ. ತಂಗಿಯ ಹತ್ರ ಮಾತಾಡುದು ನನ್ನ ಕೆಲಸ.

ಅಮ್ಮನಿಗೆ ಈಗ 84. ಕಿವಿ ಸ್ವಲ್ಪ ಮಂದ. ಮೊಮ್ಮಗಳು ಹತ್ತಿರ ಕೂತು ಗಟ್ಟಿಯಾಗಿ ಎಲ್ಲ ಹೇಳಿದಳು. ಅಮ್ಮ ನನ್ನನ್ನೇ ನೋಡಿದ್ರು ಸ್ವಲ್ಪ ಹೊತ್ತು. ಮತ್ತೆ ಅವಳ ಕೈ ಹಿಡಿದು, “ಬಣ್ಣ ಬಳಿಯುವ ಮೊದಲು ಮೈಗೆ ತೆಂಗಿನೆಣ್ಣೆ ಹಾಕ್ಬೇಕು ಮಗಾ, ನಿನ್ನ ಮಾವನಿಗೆ ಹಾಕಿರಲಿಲ್ಲ, ಮೂರು ದಿನ ಕೂಗಿದ” ಅಂದ್ರು.