ಕಾಲು ಮುಂದಾದ ಕೂಸು

ನಾನು ಹುಟ್ಟಿದ್ದು ಚಾಂಪಿಯನ್ ರೀಫ್‌ನ ಬಿಜಿಎಂಎಲ್ ಆಸ್ಪತ್ರೆಯಲ್ಲಿ. ನನಗೆ ನಾಲ್ಕು ತುಂಬುವ ಮೊದಲೇ, 2001ರ ಫೆಬ್ರವರಿ 28ರಂದು, ಚಿನ್ನದ ಗಣಿ ಮುಚ್ಚಿತು. ಆಸ್ಪತ್ರೆಯೂ ಅದರ ಹಿಂದೆಯೇ ಹೋಯಿತು. ಈಗ ನನ್ನ ಸರದಿ. ಆಂಡರ್ಸನ್‌ಪೇಟೆಯ ತವರಿಗೆ ಬಂದು ಕೂತಿದ್ದೇನೆ. ಹೆರಿಗೆ ಎಲ್ಲಿ ಅನ್ನುವ ಪ್ರಶ್ನೆಗೆ ಮನೆಯಲ್ಲಿ ಮೂರು ಉತ್ತರ ಇವೆ. ಅಮ್ಮನಿಗೆ ಕೋಲಾರದ ಇಟಿಸಿಎಂ, ನೂರು ವರ್ಷಕ್ಕೂ ಹಳೆಯ ಮಿಷನ್ ಆಸ್ಪತ್ರೆ. ನಮ್ಮೆಜಮಾನರಿಗೆ ಬೆಂಗಳೂರು. ನನಗೋ... ದಿನಕ್ಕೊಂದು :)

ಇದರ ಮಧ್ಯೆ 34ನೇ ವಾರದ ಸ್ಕ್ಯಾನಿಂಗಿನಲ್ಲಿ ಮಗುವಿನ ತಲೆ ಮೇಲಿದೆ ಅಂದರು. ಇನ್ನೂ ತಿರುಗಬಹುದು, ನೋಡೋಣ ಎಂದರು ಡಾಕ್ಟರು. ತಿರುಗದಿದ್ದರೆ ಸಿಸೇರಿಯನ್. ದಿನವಿಡೀ ಇಫ್-ಎಲ್ಸ್ ಬರೆಯುವ ನನಗೆ ಈ 'ನೋಡೋಣ' ಅನ್ನುವುದೊಂದೇ ನುಂಗಲಾರದ ತುತ್ತು.

ಅಜ್ಜಿಗೆ ಹೇಳಿದರೆ ನಕ್ಕುಬಿಟ್ಟಳು. ನಮ್ಮ ದೊಡ್ಡ ಮಾವ ಕಾಲು ಮುಂದಾಗಿಯೇ ಹುಟ್ಟಿದವನಂತೆ, ಅದೂ ಲೈನ್ ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಹಾಗೆ ಹುಟ್ಟಿದವರು ತುಳಿದರೆ ಬೆನ್ನಿನ ಉಳುಕು ಹೋಗುತ್ತದೆ ಅಂತ ನಂಬಿಕೆ ಇದೆಯಲ್ಲ, ಅದಕ್ಕೇ ಶಿಫ್ಟ್ ಮುಗಿಸಿ ಬಂದ ಗಣಿ ಕೆಲಸಗಾರರು ಪುಟ್ಟ ಹುಡುಗನ ಮುಂದೆ ಬೋರಲು ಮಲಗುತ್ತಿದ್ದರಂತೆ! ಆದರೆ ಅದೇ ಸಾಲಿನ ಇನ್ನೊಂದು ಮನೆಯ ಕೂಸು ಉಳಿಯಲಿಲ್ಲ ಎನ್ನುವುದನ್ನೂ ಅಜ್ಜಿ ಮುಚ್ಚಿಡಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು, ಸರಿಯೇ. ಹಾಗಂತ ಹಳೆಯ ಕಾಲದ ಹೆರಿಗೆಯೆಲ್ಲ ಸುಖದ್ದಾಗಿತ್ತು ಅನ್ನುವ ವಾಟ್ಸಾಪ್ ಮೆಸೇಜುಗಳನ್ನು ನಾನು ಒಪ್ಪುವುದಿಲ್ಲ.

ಆ ಕಾಲದ ಭಯ ಹೆರಿಗೆಯೊಂದರದ್ದೇ ಆಗಿರಲಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಬಂಡೆ ಒತ್ತಡ ತಾಳದೆ ಸಿಡಿಯುತ್ತಿತ್ತು, ಮೇಲೆ ಮನೆ ಗೋಡೆಗಳು ಅದುರುತ್ತಿದ್ದವು. ಪಾತ್ರೆ ಅಲುಗಾಡಿದರೆ ಬಸುರಿ ಹೆಂಗಸರು ಮೊದಲು ಗಂಡನ ಶಿಫ್ಟ್ ಯಾವುದು ಅಂತ ಲೆಕ್ಕ ಹಾಕುತ್ತಿದ್ದರಂತೆ. ಅಜ್ಜಿ ಹೇಳುವುದು ಇಷ್ಟೇ: "ನಾವು ಹೆಂಗೆ ಹೆರ್ತೀವಿ ಅಂತ ಯೋಚನೆ ಮಾಡ್ತಿರಲಿಲ್ಲ ಕಣೇ, ಆಗ ಪಕ್ಕದಲ್ಲಿ ಯಾರಿರ್ತಾರೆ ಅಂತ ನೋಡ್ಕೋತಿದ್ವಿ."

ನಾವೀಗ 'ಬರ್ತ್ ಪ್ಲಾನ್' ಅನ್ನುವುದು 1980ರ ಸುಮಾರಿಗೆ ಅಮೆರಿಕದಲ್ಲಿ ಪೆನ್ನಿ ಸಿಮ್ಕಿನ್ ಅಂಥವರಿಂದ ಬಳಕೆಗೆ ಬಂದದ್ದು. ಹೆಂಗಸನ್ನು ಕೇಳದೇ ಎಲ್ಲವನ್ನೂ ಮಾಡಿಬಿಡುತ್ತಿದ್ದ ಆಸ್ಪತ್ರೆಗಳ ಎದುರು ತನ್ನ ಇಷ್ಟವನ್ನು ಬರೆದು ಕೊಡುವ ಹಾಳೆ ಅದು. ಆದರೆ ಕೂಸು ತಿರುಗದಿದ್ದರೆ ಆ ಹಾಳೆಯ ಅರ್ಧಕ್ಕರ್ಧ ವ್ಯರ್ಥ. ಅದಕ್ಕೂ ಒಂದು ಇತಿಹಾಸ ಇದೆ ನೋಡಿ. ನಮ್ಮ ಗಣಿ ಮುಚ್ಚುವ ನಾಲ್ಕು ತಿಂಗಳ ಮೊದಲು, 2000ದ ಅಕ್ಟೋಬರಿನಲ್ಲಿ, ಕೆನಡಾದ ಮೇರಿ ಹ್ಯಾನಾ ಮತ್ತು ಜೊತೆಗಾರರು 26 ದೇಶಗಳ 2,088 ಬಸುರಿಯರ ಅಧ್ಯಯನ ಪ್ರಕಟಿಸಿದರು. ಕೂಸು ಹೀಗೆ ಕೂತಿದ್ದಾಗ ಮೊದಲೇ ಸಿಸೇರಿಯನ್ ನಿಗದಿ ಮಾಡಿದವರಲ್ಲಿ ಮಗುವಿನ ಸಾವು ಅಥವಾ ಗಂಭೀರ ತೊಂದರೆ ನೂರಕ್ಕೆ 1.6, ಸಹಜ ಹೆರಿಗೆಗೆ ಕಾದವರಲ್ಲಿ 5. ಜಗತ್ತಿನ ಎಷ್ಟೋ ಕಡೆ ಡಾಕ್ಟರುಗಳು ಸಹಜ ಹೆರಿಗೆ ಮಾಡಿಸುವುದನ್ನೇ ಬಿಟ್ಟರು, ಕೈಯ ಅಭ್ಯಾಸವೂ ತಪ್ಪಿತು. 2004ರಲ್ಲಿ ಅದೇ ಅಧ್ಯಯನದ ಒಂದಷ್ಟು ಮಕ್ಕಳನ್ನು ಎರಡು ವರ್ಷ ತುಂಬಿದಾಗ ನೋಡಿದರೆ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಷ್ಟರಲ್ಲಿ ರೂಢಿ ಬದಲಾಗಿಹೋಗಿತ್ತು.

ಇದನ್ನು ಓದಿದ ಮೇಲೆ, ವಿಚಿತ್ರ, ನನಗೆ ಸ್ವಲ್ಪ ಸಮಾಧಾನವಾಯಿತು. ನಮ್ಮ ಡಾಕ್ಟರ 'ನೋಡೋಣ'ದ ಹಿಂದೆ ಇಷ್ಟೆಲ್ಲ ವಾದ ಇದೆಯಲ್ಲ ಅಂತ.

ಅಂದ ಹಾಗೆ, ನಾನು ಹುಟ್ಟಿದ ಆಸ್ಪತ್ರೆ ಇಪ್ಪತ್ತು ವರ್ಷ ಧೂಳು ಹಿಡಿದು ನಿಂತಿತ್ತು. 2021ರ ಕೊರೊನಾ ಸಮಯದಲ್ಲಿ ಊರಿನ ಸ್ವಯಂಸೇವಕರು ಸೇರಿ ಗುಡಿಸಿ ತೊಳೆದು ಸೋಂಕಿತರಿಗಾಗಿ ಸಿದ್ಧ ಮಾಡಿದರು. ಹೆರಿಗೆ ವಾರ್ಡ್ ಮಾತ್ರ ಮತ್ತೆ ಬರಲಿಲ್ಲ.

ಸದ್ಯಕ್ಕೆ ಎರಡು ಹಾಳೆ ಬರೆದಿಟ್ಟಿದ್ದೇನೆ: ಕೂಸು ತಿರುಗಿದರೆ ಒಂದು, ತಿರುಗದಿದ್ದರೆ ಇನ್ನೊಂದು. ಎರಡರಲ್ಲೂ ಮೊದಲ ಸಾಲು ಒಂದೇ, ಅಮ್ಮ ಜೊತೆಗಿರಬೇಕು. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲೂ ಜೊತೆಗೊಬ್ಬ ಹೆಂಗಸು ಇರಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಆಪರೇಷನ್ ಕೋಣೆಗೆ ಬಿಡುತ್ತಾರೋ ಇಲ್ಲವೋ, ಮುಂದಿನ ವಾರ ಹೋದಾಗ ಕೇಳಬೇಕು.