ಮಕ್ಕಳ ಶಬ್ದಸಂಪತ್ತು ಮತ್ತು ವಾಕ್ ಚಿಕಿತ್ಸೆ: ಮಲೆನಾಡಿನ ಮೂರು ತಾಲ್ಲೂಕುಗಳು

ಶಬ್ದಸಂಪತ್ತು ಎಂದರೇನು?

ಮಗುವಿಗೆ ಅರ್ಥವಾಗುವ ಹಾಗೂ ಅದು ಆಡಬಲ್ಲ ಪದಗಳೆಲ್ಲ ಸೇರಿ ಅದರ ಶಬ್ದಸಂಪತ್ತು. ಆಡುವುದಕ್ಕಿಂತ ಮೊದಲು ಅರ್ಥವಾಗುವುದು ಸಹಜ ಕ್ರಮ. ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದ ಬರುತ್ತದೆ. ಎರಡು ವರ್ಷ ತುಂಬಿದರೂ ಸುಮಾರು 50 ಪದಗಳಾಗಲಿ, ‘ಅಮ್ಮ ಬಾ’ ಎಂಬಂಥ ಜೋಡಣೆಯಾಗಲಿ ಬಾರದಿದ್ದರೆ ತಜ್ಞರಿಗೆ ತೋರಿಸಬೇಕು. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಕಾಯುವ ಕಾಲವೇ ಭಾಷೆ ವೇಗವಾಗಿ ಬೆಳೆಯುವ ಕಾಲ.

ಪರೀಕ್ಷೆ

ಮೊದಲು ನೋಡಬೇಕಾದದ್ದು ಶ್ರವಣಶಕ್ತಿ; ಕೇಳಿಸದ ಪದವನ್ನು ಕಲಿಯುವುದು ಕಷ್ಟ. ಬಳಿಕ ಗಮನಿಸಬೇಕಾದದ್ದು ಮನೆಮಾತು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಹವ್ಯಕ ಕನ್ನಡ, ಕೊಂಕಣಿ ಅಥವಾ ಉರ್ದು ಮಾತಾಡುತ್ತಾರೆ. ಅಂಗನವಾಡಿಯದು ಬೇರೆ ಕನ್ನಡ. ಮನೆಮಾತಿನ ಪದಗಳನ್ನು ಬಿಟ್ಟು ಎಣಿಸಿದರೆ ಆರೋಗ್ಯವಂತ ಮಗುವೂ ಹಿಂದುಳಿದಂತೆ ಕಾಣುತ್ತದೆ. ಎರಡು ಭಾಷೆ ಕೇಳುವುದು ಮಾತಿನ ವಿಳಂಬಕ್ಕೆ ಕಾರಣವಲ್ಲ.

ಚಿಕಿತ್ಸೆಯ ವಿಧಾನ

ಸ್ಪೀಚ್ ಥೆರಪಿ ಎಂದೇ ಪರಿಚಿತವಾದ ವಾಕ್ ಚಿಕಿತ್ಸೆಯಲ್ಲಿ ಕೆಲವೇ ಪದಗಳನ್ನು ಆರಿಸಿ, ಸಹಜ ವಾಕ್ಯಗಳಲ್ಲಿ ಮತ್ತೆ ಮತ್ತೆ ಕೇಳಿಸಲಾಗುತ್ತದೆ. ಆಯ್ಕೆ ಮಗುವಿನ ಬದುಕಿನಿಂದಲೇ ಆಗಬೇಕು. ಅಂಗಳದಲ್ಲಿ ಅಡಿಕೆ ಹರಡಿರುವ ಮನೆಯ ಮಗುವಿಗೆ ಚಿತ್ರಪಟದ ಜಿರಾಫೆಗಿಂತ ಹಾಳೆ, ಗೊನೆ, ಕೊಟ್ಟಿಗೆ, ಕಂಬಳಿಗಳೇ ಹತ್ತಿರ. ಹೆಸರುಗಳಷ್ಟೇ ಸಾಲವು; ಸುಲಿ, ಹರಡು, ಎಳೆ ಎಂಬ ಕ್ರಿಯಾಪದಗಳಿಲ್ಲದೆ ವಾಕ್ಯ ಹುಟ್ಟುವುದಿಲ್ಲ. ಮಗು ‘ಹಾಳೆ’ ಎಂದಾಗ ‘ಹೌದು, ಅಜ್ಜ ಹಾಳೆ ಎಳೀತಾರೆ’ ಎಂದು ಮಾತನ್ನು ಹಿಗ್ಗಿಸಬೇಕು; ಬಳಿಕ ಸುಮ್ಮನಿದ್ದು ಅದರ ಸರದಿಗಾಗಿ ಕಾಯಬೇಕು. ಹೀಗೆ ಕಾಯುವುದೇ ಹಿರಿಯರಿಗೆ ಅತ್ಯಂತ ಕಠಿಣ. ‘ಹೇಳು, ಹೇಳು’ ಎಂಬ ಒತ್ತಾಯ ಮಗುವನ್ನು ಇನ್ನಷ್ಟು ಮೌನವಾಗಿಸಬಹುದು.

ಸೇವೆ ದೊರೆಯುವ ಬಗೆ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ತಂಡಗಳು ಅಂಗನವಾಡಿಗಳಲ್ಲಿ ವರ್ಷಕ್ಕೆ ಎರಡು ಬಾರಿ ತಪಾಸಣೆ ನಡೆಸಬೇಕು. ಭಾಷಾ ವಿಳಂಬವೂ ಅದರ ವ್ಯಾಪ್ತಿಯಲ್ಲಿದೆ. ಮುಂದಿನ ಚಿಕಿತ್ಸೆಗೆ ಜಿಲ್ಲಾ ಹಂತದ ಕೇಂದ್ರಕ್ಕೆ ಕಳುಹಿಸುವುದು ಕ್ರಮ. ಉನ್ನತ ಪರೀಕ್ಷೆಗೆ 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಈ ಮೂರು ತಾಲ್ಲೂಕು ಕೇಂದ್ರಗಳಿಂದ ಜಿಲ್ಲಾ ಕೇಂದ್ರವಾದ ಶಿವಮೊಗ್ಗಕ್ಕೆ ಸುಮಾರು 60–70 ಕಿಲೋಮೀಟರ್. ಒಂಟಿಮನೆಗಳಿಂದ ಮಳೆಗಾಲದಲ್ಲಿ ವಾರವಾರ ಹೋಗಿಬರುವುದು ಸುಲಭವಲ್ಲ. ಆದ್ದರಿಂದ ತಜ್ಞರು ತಾಯಿ, ಅಜ್ಜಿ, ಅಂಗನವಾಡಿ ಕಾರ್ಯಕರ್ತೆಯರಿಗೆ ಮೇಲೆ ಹೇಳಿದ ಚಿಕಿತ್ಸಾ ವಿಧಾನ ಕಲಿಸುವುದು ಇಲ್ಲಿ ಚಿಕಿತ್ಸೆಯ ಮುಖ್ಯ ಭಾಗವೇ ಆಗಬೇಕು.