ಖಾಲಿ ಮನೆಯ ಲೋಹ

ವಿದ್ಯಾರ್ಥಿಗಳೇ, 1871ರಲ್ಲಿ ರಷ್ಯದ ಮೆಂಡಲೀವ್ ತನ್ನ ಆವರ್ತ ಕೋಷ್ಟಕದಲ್ಲಿ ಒಂದು ಖಾಲಿ ಮನೆಗೆ ‘ಏಕ-ಅಲ್ಯೂಮಿನಿಯಂ’ ಎಂದು ಹೆಸರಿಟ್ಟನು. ‘ಏಕ’ ನಮಗೆ ಪರಿಚಿತವಾದ ಸಂಸ್ಕೃತ ಪದವೇ. ಅಲ್ಯೂಮಿನಿಯಂನಿಂದ ಒಂದು ಮನೆ ಆಚೆ ಎಂದರ್ಥ. ಮೇಲೆ ಅಲ್ಯೂಮಿನಿಯಂ, ಕೆಳಗೆ ಇಂಡಿಯಂ, ಪಕ್ಕದಲ್ಲಿ ಸತು. ಈ ನೆರೆಹೊರೆಯ ಗುಣಗಳು ಏರಿಳಿಯುವ ಕ್ರಮವನ್ನು ನೋಡಿ, ಬರಲಿರುವ ಧಾತುವಿನ ಪರಮಾಣು ತೂಕ ಸುಮಾರು 68, ಸಾಂದ್ರತೆ ಸುಮಾರು 5.9 ಎಂದು ಬರೆದಿಟ್ಟನು.

1875ರಲ್ಲಿ ಫ್ರಾನ್ಸಿನ ಲಕಾಕ್ ದ ಬ್ವಾಬೋದ್ರಾನ್ ಪಿರನೀಸ್ ಬೆಟ್ಟಗಳ ಸತುವಿನ ಅದಿರಿನಲ್ಲಿ ಎರಡು ನೇರಳೆ ರೋಹಿತರೇಖೆಗಳನ್ನು ಕಂಡನು. ಅದೇ ಗ್ಯಾಲಿಯಂ. ಆದರೆ ಅವನಿಗೆ ಸಿಕ್ಕ ಸಾಂದ್ರತೆ 4.7! ಲೋಹ ಶುದ್ಧವಾಗಿಲ್ಲ, ಮತ್ತೆ ಅಳೆಯಬೇಕು ಎಂದನು ಮೆಂಡಲೀವ್. ಲೋಹವನ್ನು ಕಣ್ಣಿಂದಲೂ ಕಾಣದವನು ಅದನ್ನು ಕೈಯಲ್ಲಿ ಹಿಡಿದವನಿಗೆ ಹೀಗೆ ಹೇಳುವುದೆಂದರೆ ಸಣ್ಣ ಧೈರ್ಯವೇ? ಲೆಕ್ಕ ತಪ್ಪಿದ್ದರೆ ಕೋಷ್ಟಕದ ಮೇಲಿನ ನಂಬಿಕೆಯೇ ಅಲುಗಾಡುತ್ತಿತ್ತು. ಬ್ವಾಬೋದ್ರಾನ್ ಲೋಹವನ್ನು ಶುದ್ಧಗೊಳಿಸಿ ಮತ್ತೆ ಅಳೆದನು: 5.9.

ಮೆಂಡಲೀವ್ ಎಲ್ಲೆಡೆ ಗೆಲ್ಲಲಿಲ್ಲ. ಟೆಲ್ಯೂರಿಯಂನ ತೂಕ ಅಯೋಡಿನ್‌ಗಿಂತ ಕಡಿಮೆಯೇ ಇರಬೇಕೆಂದು ಹಟ ಹಿಡಿದನು. ಅದು ಹೆಚ್ಚೇ ಇತ್ತು. ಧಾತುಗಳನ್ನು ಸಾಲುಗೂಡಿಸುವುದು ತೂಕವಲ್ಲ, ಪರಮಾಣು ಸಂಖ್ಯೆ ಎಂಬುದು ಮೋಸ್ಲಿಯ ಕ್ಷ-ಕಿರಣ ಪ್ರಯೋಗಗಳಿಂದ 1913ರಲ್ಲಿ ತಿಳಿಯಿತು. ಮೆಂಡಲೀವ್ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು.